ರಸ್ತೆಯ ಅಪಾಯವನ್ನು ದೂರಾಗಿ ಬರೆಯುವುದು ಹೇಗೆ

(ಬೆಂಗಳೂರಿನ ಬಡಾವಣೆಯೊಂದರ ನಿವಾಸಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಅಪಘಾತದಿಂದ ತೀರಿಕೊಂಡವರು 1,68,491 ಮಂದಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವೇ ಪ್ರಕಟಿಸಿದ ಲೆಕ್ಕ ಇದು. ಅತಿವೇಗ, ಕುಡಿದು ಓಡಿಸುವುದು, ಹೆಲ್ಮೆಟ್ ಹಾಕದಿರುವುದು, ಇವುಗಳ ಬಗ್ಗೆ ಮಾತು ಬೇಕಾದಷ್ಟು ಆಗಿದೆ. ಇವತ್ತಿನ ಮಾತು ರಸ್ತೆಯ ಕುರಿತದ್ದು. ನೀರಿನ ಟ್ಯಾಂಕರ್ ತಾಗಿ ತಿರುಗಿ ನಿಂತ ನೋ ಎಂಟ್ರಿ ಬೋರ್ಡು, ಕೊಂಬೆಯ ಮರೆಗೆ ಸರಿದ ಸಿಗ್ನಲ್, ಬಣ್ಣವಿಲ್ಲದ ಹಂಪು, ಸವೆದುಹೋದ ಜೀಬ್ರಾ ಪಟ್ಟೆ. ಇವೆಲ್ಲ ಆ ರಸ್ತೆಯಲ್ಲಿ ಓಡಾಡುವ ಪ್ರತಿಯೊಬ್ಬರಿಗೂ ಗೊತ್ತಿರುತ್ತವೆ. ಗೊತ್ತಿರುವವರು ತಪ್ಪಿಸಿಕೊಂಡು ಹೋಗುತ್ತಾರೆ. ಬೀಳುವವರು ಆ ದಾರಿಗೆ ಹೊಸಬರು, ಇಲ್ಲವೇ ಮಳೆಯಲ್ಲಿ ಕತ್ತಲಲ್ಲಿ ಬರುವವರು.

ಜನರಿಗೆ ಗೊತ್ತಿರುವುದು ಬೇರೆ, ಇಲಾಖೆಗೆ ಗೊತ್ತಿರುವುದು ಬೇರೆ. ಕಾನೂನಿನ ಕಣ್ಣಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 198ಎ ಎಂಬ ಕಲಂ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ದಂಡದ ಮೊತ್ತಕ್ಕಿಂತ ಮುಖ್ಯವಾದದ್ದು ಅದೇ ಕಲಮಿನಲ್ಲಿ ಮುಂದೆ ಇದೆ. ನ್ಯಾಯಾಲಯ ಗಮನಿಸಬೇಕಾದ ಅಂಶಗಳಲ್ಲಿ ಒಂದು: ರಸ್ತೆಯ ಆ ಭಾಗ ಅಪಾಯಕಾರಿ ಎಂದು ನಿರ್ವಹಣೆಯ ಹೊಣೆ ಹೊತ್ತವರಿಗೆ ಗೊತ್ತಿತ್ತೇ, ಗೊತ್ತಿರಬೇಕಿತ್ತೇ? ದಿನಾಂಕ ಮತ್ತು ಸಂಖ್ಯೆ ಇರುವ ಒಂದು ದೂರು ಆ ಪ್ರಶ್ನೆಗೆ ಲಿಖಿತ ಉತ್ತರ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ಫೋಟೋಗೆ ಆ ಬೆಲೆ ಇಲ್ಲ. ನಾವು ದೂರು ಕೊಡಬೇಕಾದ ಕಾರಣ ಇದು, ಅದನ್ನು ಸರಿಯಾಗಿ ಬರೆಯಬೇಕಾದ ಕಾರಣವೂ ಇದೇ.

ಮೊದಲು, ಆ ವಸ್ತು ಯಾರದ್ದು ಎಂಬುದು. ದೂರುಗಳು ಹೆಚ್ಚಾಗಿ ಸಾಯುವುದು ಇಲ್ಲೇ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ಹಳೆಯ ವಾರ್ಡ್ ಸಂಖ್ಯೆ ಬರೆದರೆ ಗೊಂದಲ ಹೆಚ್ಚುತ್ತದೆ. ಪಾಲಿಕೆಯ ಹೆಸರು, ಬಡಾವಣೆ, ರಸ್ತೆ ಬರೆಯಿರಿ. ಪಾಲಿಕೆಯ ಸಹಾಯವಾಣಿ 1533. ಡಾಂಬರು, ಹಂಪು, ಫುಟ್‌ಪಾತು, ಬೀದಿದೀಪ, ಮಳೆನೀರಿನ ಚರಂಡಿ ಪಾಲಿಕೆಗೆ ಸೇರಿದವು. ಒಳಚರಂಡಿಯ ಮ್ಯಾನ್‌ಹೋಲ್ ಜಲಮಂಡಳಿಯದು, 1916. ಜೋತುಬಿದ್ದ ವಿದ್ಯುತ್ ತಂತಿ, ವಾಲಿದ ವಿದ್ಯುತ್ ಕಂಬ ಬೆಸ್ಕಾಂಗೆ, 1912. ತುಮಕೂರು ರಸ್ತೆ, ಹೊಸೂರು ರಸ್ತೆಯಂಥ ರಾಷ್ಟ್ರೀಯ ಹೆದ್ದಾರಿಯ ಭಾಗವಾದರೆ ಹೆದ್ದಾರಿ ಪ್ರಾಧಿಕಾರದ 1033. ಸಿಗ್ನಲ್ ದೀಪಗಳನ್ನು ನಡೆಸುವವರು ಸಂಚಾರ ಪೊಲೀಸರು. ಸೂಚನಾ ಫಲಕಗಳ ವಿಷಯ ಮಾತ್ರ ಸ್ವಲ್ಪ ತೊಡಕಿನದು, ಏಕೆಂದರೆ ಅವನ್ನು ಪಾಲಿಕೆಯೂ ಹಾಕುತ್ತದೆ, ಪೊಲೀಸರೂ ಹಾಕಿಸುತ್ತಾರೆ. ಬೋರ್ಡಿನ ಹಿಂದೆ ಇಲಾಖೆಯ ಹೆಸರು, ಹಾಕಿದ ದಿನಾಂಕ ಬರೆದಿದ್ದರೆ ಅದರ ಫೋಟೋ ತೆಗೆಯಿರಿ. ಏನೂ ಇಲ್ಲದಿದ್ದರೆ ಇಬ್ಬರಿಗೂ ದೂರು ಕೊಡಿ, ಒಂದರಲ್ಲಿ ಇನ್ನೊಂದರ ದೂರು ಸಂಖ್ಯೆ ನಮೂದಿಸಿ. "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಹಿಂಬರಹಕ್ಕೆ ಆಗ ಅವಕಾಶ ಕಡಿಮೆ.

ಬೇರೆ ಊರಿನವರು ಇದ್ದರೆ: ರಾಜ್ಯದ ಇತರ ನಗರ, ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ಜನಹಿತ ಆ್ಯಪ್ ಇದೆ. ಊರಿನೊಳಗೆ ಹಾದುಹೋಗುವ ರಾಜ್ಯ ಹೆದ್ದಾರಿ ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆಯದು, ನಗರಸಭೆಯದಲ್ಲ.

ಇನ್ನು ಸ್ಥಳ. ಬೆಂಗಳೂರಿನಲ್ಲಿ "5ನೇ ಮೇನ್, 12ನೇ ಕ್ರಾಸ್" ಎಂದರೆ ವಿಳಾಸವೇ ಅಲ್ಲ. ಅಂಥ ಮೂಲೆ ಪ್ರತಿ ಬಡಾವಣೆಯಲ್ಲೂ ಇದೆ, ಒಂದೇ ಬಡಾವಣೆಯ ಬೇರೆ ಬೇರೆ ಹಂತ, ಬ್ಲಾಕ್‌ಗಳಲ್ಲೂ ಇರಬಹುದು. ಮ್ಯಾಪ್‌ನ ಪಿನ್ ಮನೆಯಲ್ಲಿ ಕೂತು ಹಾಕಿದರೆ ನಿಮ್ಮ ಮನೆಯ ಮೇಲೆ ಬೀಳುತ್ತದೆ. ಜಾಗದಲ್ಲೇ ನಿಂತು ಹಾಕಿ, ಉಪಗ್ರಹ ಚಿತ್ರದಲ್ಲಿ ಒಮ್ಮೆ ನೋಡಿ ಸರಿಪಡಿಸಿ. ಮೆಟ್ರೋ ಮಾರ್ಗದ ಕೆಳಗಿನ ರಸ್ತೆಯಾದರೆ ಪಿಲ್ಲರ್ ಸಂಖ್ಯೆಯಷ್ಟು ಒಳ್ಳೆಯ ಗುರುತು ಇನ್ನೊಂದಿಲ್ಲ. ಬೀದಿದೀಪದ ಕಂಬಕ್ಕೆ ಸಂಖ್ಯೆ ಇದ್ದರೆ ಅದನ್ನೂ ಬರೆಯಿರಿ. ಯಾವ ಕಡೆಯಿಂದ ಯಾವ ಕಡೆಗೆ ಹೋಗುವ ವಾಹನಕ್ಕೆ ತೊಂದರೆ ಎಂಬುದು ಅಷ್ಟೇ ಮುಖ್ಯ. ಒಂದು ಜಂಕ್ಷನ್‌ಗೆ ನಾಲ್ಕು ಮುಖ. ಎಂಜಿನಿಯರ್ ಬಂದು ಮೂರು ಮುಖ ನೋಡಿ "ಎಲ್ಲ ಸರಿ ಇದೆ" ಎಂದು ಹಿಂತಿರುಗಿದರೆ ಅವರನ್ನು ದೂರುವಂತಿಲ್ಲ.

ಫೋಟೋ ಮೂರು ಸಾಕು. ಮೊದಲನೆಯದು ದೂರದಿಂದ, ಚಾಲಕನ ಕಣ್ಣಿಗೆ ಆ ಜಾಗ ಹೇಗೆ ಕಾಣುತ್ತದೋ ಹಾಗೆ, ಸುಮಾರು 40–50 ಮೀಟರ್ ಹಿಂದಿನಿಂದ. ಎರಡನೆಯದು ಹತ್ತಿರದಿಂದ, ದೋಷ ಸ್ಪಷ್ಟವಾಗಿ. ಮೂರನೆಯದು ಅಕ್ಕಪಕ್ಕದ ಅಂಗಡಿ, ಕಟ್ಟಡದೊಂದಿಗೆ, ಗುರುತು ಸಿಗುವಂತೆ. ಬಹುತೇಕ ದೂರುಗಳಲ್ಲಿ ಹತ್ತಿರದ ಚಿತ್ರ ಮಾತ್ರ ಇರುತ್ತದೆ. ಬಗ್ಗಿದ ಕಂಬವೊಂದರ ಚಿತ್ರದಿಂದ ಅದು ನಗರದ ಯಾವ ಮೂಲೆಯ ಕಂಬ ಎಂದು ತಿಳಿಯುವುದು ಹೇಗೆ? ರಸ್ತೆ ಮಧ್ಯೆ ನಿಂತು ಫೋಟೋ ತೆಗೆಯಬೇಡಿ, ಅಳತೆ ಹಿಡಿಯಬೇಡಿ. ಫುಟ್‌ಪಾತಿನಿಂದ ಸಿಗುವಷ್ಟು ಸಾಕು.

ಈಗ ಫಲಕಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮಲ್ಲಿ ಫಲಕಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 67 ಎಂಬ ಸಂಹಿತೆ ಇದೆ. ಆಕಾರವೇ ಮಾತಾಡಬೇಕೆಂಬುದು ಅದರ ತಿರುಳು. ಗುಂಡಗಿನದು ಕಟ್ಟಳೆ, ಕೆಂಪಂಚಿನ ತ್ರಿಕೋನ ಎಚ್ಚರಿಕೆ, ಎಂಟು ಮೂಲೆಯದು ನಿಲ್ಲಿ, ತಲೆಕೆಳಗಾದ ತ್ರಿಕೋನ ದಾರಿ ಬಿಡಿ, ನೀಲಿ ಆಯತ ಮಾಹಿತಿ. ಫುಟ್‌ಪಾತಿನ ಮೇಲೆ ಹಾಕುವಾಗ ಬೋರ್ಡಿನ ಕೆಳ ಅಂಚು ನೆಲದಿಂದ 2 ಮೀಟರ್‌ಗೂ ಸ್ವಲ್ಪ ಮೇಲಿರಬೇಕು. ಅದಕ್ಕಿಂತ ಕೆಳಗಿದ್ದರೆ ನಡೆಯುವವರ ತಲೆಗೆ ಬಡಿಯುತ್ತದೆ, ನಿಂತ ವ್ಯಾನಿನ ಹಿಂದೆ ಮರೆಯಾಗುತ್ತದೆ.

ಹಗಲಲ್ಲಿ ಚೆನ್ನಾಗಿ ಕಾಣುವ ಬೋರ್ಡು ರಾತ್ರಿ ಸತ್ತಿರಬಹುದು. ಬೋರ್ಡಿನ ಮೇಲೆ ಅಂಟಿಸುವ ಪ್ರತಿಫಲನ ಹಾಳೆ ಬೆಳಕನ್ನು ಬಂದ ದಿಕ್ಕಿಗೇ ಹಿಂದಕ್ಕೆ ಕಳಿಸುತ್ತದೆ. ಹೆಡ್‌ಲೈಟ್‌ನ ಬೆಳಕು ಚಾಲಕನ ಕಣ್ಣಿಗೆ ಮರಳುವುದು ಹೀಗೆ. ಬಿಸಿಲು, ದೂಳು, ಹೊಗೆಗೆ ವರ್ಷಗಳಲ್ಲಿ ಅದರ ಶಕ್ತಿ ಕುಂದುತ್ತದೆ. ಪರೀಕ್ಷೆ ಸುಲಭ. ಕತ್ತಲಾದ ಮೇಲೆ ಬೋರ್ಡಿನಿಂದ ಹತ್ತು ಹದಿನೈದು ಹೆಜ್ಜೆ ದೂರ ನಿಂತು ಫೋನಿನ ಟಾರ್ಚನ್ನು ಕಣ್ಣಿನ ಪಕ್ಕಕ್ಕೇ, ಕೆನ್ನೆಗೆ ತಾಗಿಸಿ ಹಿಡಿಯಿರಿ. ಎದೆಯ ಹತ್ತಿರ ಹಿಡಿದರೆ ಬೆಳಕು ಟಾರ್ಚಿಗೆ ಮರಳುತ್ತದೆ, ನಿಮ್ಮ ಕಣ್ಣಿಗಲ್ಲ. ಒಳ್ಳೆಯ ಬೋರ್ಡೂ ಮಂಕಾಗಿ ಕಾಣುತ್ತದೆ. ಹೋಲಿಕೆಗೆ ಅಲ್ಲೇ ನಿಂತ ವಾಹನದ ನಂಬರ್ ಪ್ಲೇಟ್ ಇದೆ. ಪ್ಲೇಟ್ ಹೊಳೆದು ಬೋರ್ಡು ಮಂಕಾಗಿದ್ದರೆ ಹಾಳೆ ಹೋಗಿದೆ ಎಂದೇ ಅರ್ಥ. ಫ್ಲಾಶ್ ಹಾಕಿ ತೆಗೆದ ಫೋಟೋ ಇದಕ್ಕೆ ಒಳ್ಳೆಯ ಸಾಕ್ಷಿ, ಏಕೆಂದರೆ ಫ್ಲಾಶ್ ಮತ್ತು ಲೆನ್ಸ್ ಅಕ್ಕಪಕ್ಕದಲ್ಲೇ ಇರುತ್ತವೆ. ಕೆಂಪು ಬಣ್ಣ ಬಹಳ ಸಲ ಮೊದಲು ಬಿಳಿಚಿಕೊಳ್ಳುತ್ತದೆ. ತ್ರಿಕೋನದ ಕೆಂಪಂಚು ಹೋದರೆ ಉಳಿಯುವುದು ಬಿಳಿ ತಗಡಿನ ಮೇಲೊಂದು ಕಪ್ಪು ಚಿತ್ರ ಅಷ್ಟೇ, ಎಚ್ಚರಿಕೆ ಅಲ್ಲ.

ಬೋರ್ಡು ಮರೆಯಾಗಿದೆ ಎಂದು ಬರೆದರೆ ಸಾಲದು, ಏತರಿಂದ ಮರೆಯಾಗಿದೆ ಎಂಬುದರ ಮೇಲೆ ದೂರಿನ ದಾರಿ ಬದಲಾಗುತ್ತದೆ. ಕೊಂಬೆಯಾದರೆ ಅದು ಪಾಲಿಕೆಯ ಅರಣ್ಯ ಘಟಕದ ಕೆಲಸ. ರಸ್ತೆ ವಿಭಾಗಕ್ಕೆ ಹೋದ ದೂರು "ಬೋರ್ಡು ಸುಸ್ಥಿತಿಯಲ್ಲಿದೆ" ಎಂದು ಮುಚ್ಚಿಹೋಗುತ್ತದೆ, ಅದು ಸುಳ್ಳೂ ಅಲ್ಲ. ನೀವೇ ಕೊಂಬೆ ಕಡಿಯಲು ಹೋಗಬೇಡಿ. ಅದಕ್ಕೆ ಅನುಮತಿ ಕೊಡಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಅಡಿ ವೃಕ್ಷ ಅಧಿಕಾರಿ ಇದ್ದಾರೆ. ಫ್ಲೆಕ್ಸ್, ಬಾಡಿಗೆಗೆ ಮನೆ ಎಂಬ ಚೀಟಿ, ಟ್ಯೂಷನ್ ಜಾಹೀರಾತು ಇವಾದರೆ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಅನ್ವಯಿಸುತ್ತದೆ. ಜೊತೆಗೆ ಮೋಟಾರು ವಾಹನ ಕಾಯ್ದೆಯ 116ನೇ ಕಲಂ ಪ್ರಕಾರ, ಸಂಚಾರ ಫಲಕವನ್ನು ಮರೆಮಾಡುವ ಅಥವಾ ಅದರಂತೆಯೇ ಕಂಡು ದಾರಿ ತಪ್ಪಿಸುವ ಜಾಹೀರಾತನ್ನು ತೆಗೆಸುವ ಅಧಿಕಾರವನ್ನು ಸೂಪರಿಂಟೆಂಡೆಂಟ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಗೆ ಸರ್ಕಾರ ಕೊಡಬಹುದು. ದೂರಿನಲ್ಲಿ ಆ ಕಲಮಿನ ಹೆಸರು ಬರೆದರೆ ಓದುವವರು ಗಮನ ಕೊಡುತ್ತಾರೆ. ಇದೇ ಕಲಂ ಇನ್ನೊಂದು ಮಾತೂ ಹೇಳುತ್ತದೆ: ಆಕಸ್ಮಿಕವಾಗಿ ಫಲಕಕ್ಕೆ ಗುದ್ದಿ ಅದು ಕೆಲಸಕ್ಕೆ ಬಾರದಂತೆ ಮಾಡಿದವರು 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ನಿಮ್ಮ ಬೀದಿಗೆ ಬರುವ ಟ್ಯಾಂಕರ್ ಚಾಲಕರಿಗೆ ಇದನ್ನು ಹೇಳಿ.

ತಿರುಗಿದ ಬೋರ್ಡು ಇಲ್ಲದ ಬೋರ್ಡಿಗಿಂತ ಕೆಟ್ಟದ್ದು. ನೋ ಎಂಟ್ರಿ ಫಲಕ ಕಂಬದ ಸುತ್ತ ಕಾಲು ಸುತ್ತು ತಿರುಗಿದರೆ ಒನ್‌ವೇ ರಸ್ತೆಗೆ ಎದುರಿನಿಂದ ನುಗ್ಗುವವರಿಗೆ ಅದು ಕಾಣುವುದಿಲ್ಲ, ಸರಿಯಾಗಿ ಹೋಗುವ ಅಡ್ಡರಸ್ತೆಯವರನ್ನು ತಡೆಯುತ್ತದೆ. ಹಿಡಿಕೆಯ ಬೋಲ್ಟ್ ಸಡಿಲವಾಗಿರುವುದೇ ಸಾಮಾನ್ಯ ಕಾರಣ. ಇಬ್ಬರು ಬಂದು ಸ್ಪ್ಯಾನರ್ ಹಿಡಿದರೆ ಮುಗಿಯುವ ಕೆಲಸ, ಅದಕ್ಕೆ ಟೆಂಡರ್ ಬೇಕಿಲ್ಲ. ಹಾಗಾಗಿ "ಬೋರ್ಡು ಹಾಳಾಗಿದೆ" ಎಂದು ಬರೆಯದೆ "ಕಂಬ ಗಟ್ಟಿ ಇದೆ, ಬೋರ್ಡು ಮಾತ್ರ ತಿರುಗಿದೆ" ಎಂದು ಬರೆಯಿರಿ.

ಹಂಪಿನ ವಿಷಯಕ್ಕೆ ಬರೋಣ. ಬಡಾವಣೆಗಳಿಂದ ಹಂಪು ಹಾಕಿ ಎಂಬ ಬೇಡಿಕೆ ಸದಾ ಇರುತ್ತದೆ. ನಮ್ಮ ಖಚಿತ ಅಭಿಪ್ರಾಯ: ಪರಿಹಾರ ಕೇಳಬೇಡಿ, ಅಪಾಯ ಹೇಳಿ. "ಶಾಲೆ ಬಿಡುವ ಹೊತ್ತಿಗೆ ಮಕ್ಕಳು ದಾಟುವ ಜಾಗದಲ್ಲಿ ಇಳಿಜಾರಿನಿಂದ ಬರುವ ವಾಹನ ನಿಧಾನಿಸುವುದಿಲ್ಲ, ತಿರುವಿನಿಂದ ಆ ಜಾಗ ಕಾಣುವುದಿಲ್ಲ" ಎಂದರೆ ಎಂಜಿನಿಯರ್‌ಗೆ ಆಯ್ಕೆಗಳಿವೆ: ಎತ್ತರಿಸಿದ ದಾಟುಜಾಗ, ಮೂಲೆಯ ಪಾರ್ಕಿಂಗ್ ತೆಗೆಸುವುದು, ಫಲಕ, ದೀಪ. ಬರೀ ಹಂಪು ಕೇಳಿದರೆ ಸಿಗುವುದು ಹಂಪು, ಅದೂ ರಾತ್ರೋರಾತ್ರಿ ಗುಡ್ಡೆ ಹಾಕಿದ ಡಾಂಬರು.

ಸರಿಯಾದ ಹಂಪು ಎಂದರೇನು? ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನದೇ ಆದ ಐಆರ್‌ಸಿ 99 ಎಂಬ ಸಂಹಿತೆಯ ಮೂಲ ಮಾರ್ಗಸೂಚಿ ಕೊಟ್ಟ ಅಳತೆ: ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬಹುದಾದ ಆಕಾರ ಅದು. 3.7 ಮೀಟರ್ ಎಂದರೆ ಒಂದು ಸಣ್ಣ ಕಾರಿನಷ್ಟು ಉದ್ದ. ನಮ್ಮ ಬೀದಿಗಳ ಹಂಪುಗಳಲ್ಲಿ ಎಷ್ಟೋ ಇದರ ಕಾಲು ಭಾಗವೂ ಇಲ್ಲ, ಎತ್ತರ ಮಾತ್ರ ಒಂದೂವರೆ ಪಟ್ಟು. ಅಂಥದ್ದರ ಮೇಲೆ ಹಿಂದೆ ಕೂತ ಹಿರಿಯರು, ಗರ್ಭಿಣಿಯರು ಏಟು ತಿನ್ನುತ್ತಾರೆ; ಆಂಬುಲೆನ್ಸ್ ಪೂರ್ತಿ ನಿಂತು ಹೋಗಬೇಕಾಗುತ್ತದೆ. ಅಳೆಯುವುದಕ್ಕೆ ರಸ್ತೆ ಖಾಲಿ ಇರುವ ಬೆಳಗಿನ ಜಾವ ಇಬ್ಬರು ಹೋಗಿ, ಒಬ್ಬರು ವಾಹನ ನೋಡುತ್ತಿರಲಿ. ರಸ್ತೆಯ ಅಂಚಿನಲ್ಲಿ, ಹಂಪಿನ ನೆತ್ತಿಯಿಂದ ಮಟ್ಟವಾಗಿ ದಾರ ಎಳೆದು ಹಿಡಿದು, ದಾರದಿಂದ ನೆಲಕ್ಕೆ ಟೇಪಿನಲ್ಲಿ ಅಳೆದರೆ ಎತ್ತರ ಸಿಗುತ್ತದೆ. ರಸ್ತೆಗೆ ಇಳಿಜಾರಿದ್ದರೆ ಎರಡೂ ಬದಿ ಅಳೆದು ಸರಾಸರಿ ಹಾಕಿ.

ಹಂಪು ಸರಿಯಿದ್ದರೂ ಅದು ಕಾಣಬೇಕು. ಮೇಲೆ ಬಣ್ಣದ ಪಟ್ಟೆ ಇರಬೇಕು, ಸುಮಾರು 40 ಮೀಟರ್ ಮೊದಲೇ ಎಚ್ಚರಿಕೆ ಫಲಕ ಇರಬೇಕು. ಅತಿ ಅಪಾಯದ ಹೊತ್ತು ಹೊಸ ಡಾಂಬರು ಬಿದ್ದ ನಂತರದ ದಿನಗಳು. ರಸ್ತೆಯೂ ಕಪ್ಪು, ಹಂಪೂ ಕಪ್ಪು, ಗುಂಡಿ ಹೋಗಿ ವೇಗ ಹೆಚ್ಚಿರುತ್ತದೆ. ಪಟ್ಟೆ ಬಳಿಯುವುದು ಅನೇಕ ಸಲ ಬೇರೆ ಕಾಮಗಾರಿ, ಬೇರೆ ಗುತ್ತಿಗೆದಾರರದು. ಎರಡರ ನಡುವೆ ವಾರಗಟ್ಟಲೆ ಅಂತರ ಬೀಳಬಹುದು. ಡಾಂಬರು ಬಿದ್ದ ದಿನವೇ ದೂರು ಹಾಕಿ, ಪಟ್ಟೆ ಬೀಳುವವರೆಗೆ ಬ್ಯಾರಿಕೇಡ್ ಅಥವಾ ತಾತ್ಕಾಲಿಕ ಬಿಳಿ ಗುರುತು ಕೇಳಿ. ಇನ್ನು ರಬ್ಬರು, ಪ್ಲಾಸ್ಟಿಕ್ ತುಂಡುಗಳನ್ನು ಬೋಲ್ಟ್ ಹಾಕಿ ಕೂರಿಸಿದ ಹಂಪುಗಳಿದ್ದರೆ, ತುಂಡು ಕಿತ್ತುಹೋದ ಜಾಗದಲ್ಲಿ ಬೋಲ್ಟ್ ಮೇಲೆದ್ದು ನಿಂತಿದೆಯೇ ನೋಡಿ. ಬೈಕಿನ ಟೈರಿಗೆ ಅದು ಸಾಕು. "ಹಂಪು ಹಾಳಾಗಿದೆ" ಎನ್ನುವುದಕ್ಕಿಂತ "ಮೂರು ಬೋಲ್ಟ್ ರಸ್ತೆಯಿಂದ ಮೇಲಕ್ಕೆ ಚಾಚಿವೆ" ಎಂಬ ದೂರಿಗೆ ಬೇಗ ಕೆಲಸ ಆಗುತ್ತದೆ.

ಜೀಬ್ರಾ ಪಟ್ಟೆಗೆ ಕಾಲ ನೋಡಬೇಕು. ಪಟ್ಟೆಗೆ ಬಳಸುವ ಥರ್ಮೋಪ್ಲಾಸ್ಟಿಕ್ ಕಾಯಿಸಿ ಸುಮಾರು 2.5 ಮಿಲಿಮೀಟರ್ ದಪ್ಪಕ್ಕೆ ಹಾಕುವಂಥದ್ದು. ಬಿಸಿ ಇರುವಾಗಲೇ ಮೇಲೆ ಗಾಜಿನ ಸಣ್ಣ ಮಣಿ ಉದುರಿಸುತ್ತಾರೆ, ರಾತ್ರಿ ಹೊಳೆಯಲಿ ಎಂದು. ಒದ್ದೆ ರಸ್ತೆಗೆ ಅದು ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಕೊಟ್ಟ ದೂರಿಗೆ "ಮಳೆ ನಿಂತ ಮೇಲೆ" ಎಂಬ ಉತ್ತರ ಬಂದರೆ ಅದು ನುಣುಚಿಕೊಳ್ಳುವ ಮಾತಲ್ಲ. ಆದರೆ ದಿನಾಂಕ ಬರೆದಿಟ್ಟುಕೊಂಡು ನವೆಂಬರ್‌ನಲ್ಲಿ ಅದೇ ದೂರು ಸಂಖ್ಯೆ ಹಿಡಿದು ಮತ್ತೆ ಕೇಳಿ.

ಸಿಗ್ನಲ್‌ನಲ್ಲಿ ಪಾದಚಾರಿಗಳ ಹಸಿರು ಸಾಲದು ಎಂಬ ದೂರಿದ್ದರೆ ಲೆಕ್ಕ ಕೊಡಿ. ನಡಿಗೆಯ ವೇಗವನ್ನು ಎಂಜಿನಿಯರ್‌ಗಳು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. 18 ಮೀಟರ್ ರಸ್ತೆಗೆ ನಡೆಯುವುದಕ್ಕೇ 15 ಸೆಕೆಂಡು ಬೇಕು, ಹೆಜ್ಜೆ ಎತ್ತುವ ಸಮಯ ಬೇರೆ. ಫೋನಿನ ಸ್ಟಾಪ್‌ವಾಚ್‌ನಲ್ಲಿ ನಾಲ್ಕೈದು ಸುತ್ತು ಅಳೆದು, ಗಂಟೆ ಬರೆದು ಕಳಿಸಿ. ಬೆಳಗಿನ ಮತ್ತು ಸಂಜೆಯ ಸಮಯ ಬೇರೆ ಬೇರೆ ಇರಬಹುದು.

ಇಷ್ಟನ್ನೂ ಸೇರಿಸಿದರೆ ದೂರು ಹೀಗಿರುತ್ತದೆ: "2ನೇ ಹಂತ, 7ನೇ ಮೇನ್ ಮತ್ತು 14ನೇ ಕ್ರಾಸ್ ಸೇರುವಲ್ಲಿ, ಔಷಧಿ ಅಂಗಡಿಯ ಮೂಲೆಯಲ್ಲಿರುವ ನೋ ಎಂಟ್ರಿ ಫಲಕ 14ನೇ ಕ್ರಾಸ್ ಕಡೆಗೆ ತಿರುಗಿದೆ. 7ನೇ ಮೇನ್‌ಗೆ ದಕ್ಷಿಣದಿಂದ ಬರುವವರಿಗೆ ಕಾಣುವುದಿಲ್ಲ. ಸಂಜೆ 6ರಿಂದ 8ರವರೆಗೆ ವಾಹನಗಳು ಎದುರುಬದುರಾಗುತ್ತಿವೆ. ಕಂಬ ಗಟ್ಟಿಯಾಗಿದೆ, ಹಿಡಿಕೆ ಸಡಿಲ. ಮೂರು ಚಿತ್ರ ಲಗತ್ತಿಸಿದೆ." ಇದಿಷ್ಟೇ. ಒಂದು ದೂರಿಗೆ ಒಂದೇ ವಿಷಯ. ಗುಂಡಿ, ದೀಪ, ಬೋರ್ಡು, ಕಸ ನಾಲ್ಕನ್ನೂ ಒಂದರಲ್ಲಿ ತುಂಬಿದರೆ ಕಸ ಎತ್ತಿದ ದಿನ ನಾಲ್ಕೂ "ಪರಿಹಾರವಾಗಿದೆ" ಎಂದು ಮುಚ್ಚುತ್ತವೆ.

ಮುಚ್ಚಿದ ಮೇಲೆ ಏನು ಮಾಡಬೇಕು? ಮುಚ್ಚಿದ ಸಂದೇಶದ ಸ್ಕ್ರೀನ್‌ಶಾಟ್, ಅದೇ ದಿನಾಂಕದ ಹೊಸ ಫೋಟೋ, ಎರಡನ್ನೂ ಇಟ್ಟುಕೊಂಡು ಸಹಾಯಕ ಎಂಜಿನಿಯರ್‌ಗೆ, ಆಮೇಲೆ ಅವರ ಮೇಲಿನ ಸಹಾಯಕ ಕಾರ್ಯಪಾಲಕ ಎಂಜಿನಿಯರ್‌ಗೆ ಲಿಖಿತವಾಗಿ ಕೊಡಿ. ಕಚೇರಿಯ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸದೆ ಬರಬೇಡಿ. ಅಲ್ಲೂ ಆಗದಿದ್ದರೆ ರಾಜ್ಯದ ಜನಸ್ಪಂದನ, 1902. ಎಂಜಿನಿಯರ್‌ಗಳ ಕಷ್ಟವೂ ನಮಗೆ ತಿಳಿದಿರಲಿ: ನಿರ್ವಹಣೆಯ ಸಣ್ಣ ಕೆಲಸವನ್ನು ಅವರು ತಾವೇ ಮಾಡಿಸಬಲ್ಲರು. ಹೊಸ ಫುಟ್‌ಪಾತು, ಜಂಕ್ಷನ್ ಮಾರ್ಪಾಡು ಎಂದರೆ ಅಂದಾಜು ಪಟ್ಟಿ, ಜಾಬ್ ಕೋಡ್ (ಕಾಮಗಾರಿಗೆ ಕೊಡುವ ಗುರುತು ಸಂಖ್ಯೆ), ಟೆಂಡರ್ ಬೇಕು. ಇವನ್ನು ಬೇರೆ ಮಾಡಿ ಕೇಳಿದರೆ ಸಣ್ಣದು ಬೇಗ ಆಗುತ್ತದೆ, ದೊಡ್ಡದು ಮುಂದಿನ ಬಜೆಟ್‌ನ ಪಟ್ಟಿಗೆ ಸೇರಲು ದಾರಿಯಾಗುತ್ತದೆ.

ಕೊನೆಯ ಅಸ್ತ್ರ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. "ಯಾಕೆ ಮಾಡಿಲ್ಲ" ಎಂದು ಕೇಳಬೇಡಿ, ಅದು ದಾಖಲೆಯಲ್ಲ. ದೂರು ಸಂಖ್ಯೆ ಬರೆದು, ಅದರ ಮೇಲೆ ನಡೆದ ಕ್ರಮದ ಕಡತದ ಪ್ರತಿ, ಸ್ಥಳ ಪರಿಶೀಲನಾ ವರದಿಯ ಪ್ರತಿ, ಆ ರಸ್ತೆಯ ಕೊನೆಯ ಡಾಂಬರು ಕಾಮಗಾರಿಯ ಕಾರ್ಯಾದೇಶ ಮತ್ತು ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ ಕೇಳಿ. ಅವಧಿ ಇನ್ನೂ ಇದ್ದರೆ ದುರಸ್ತಿ ಗುತ್ತಿಗೆದಾರರ ಖರ್ಚಿನದು.

ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳು.

"ಗೇಟಿನ ಮುಂದೆ ನಾವೇ ನೋ ಪಾರ್ಕಿಂಗ್ ಬೋರ್ಡು, ಹೂಕುಂಡ ಇಟ್ಟರೆ ತಪ್ಪೇ?" ಸಾರ್ವಜನಿಕ ರಸ್ತೆಯಲ್ಲಿ ಸಂಚಾರ ಫಲಕ ಹಾಕುವ ಅಧಿಕಾರ ಸರ್ಕಾರಕ್ಕೆ, ಅದು ಅಧಿಕಾರ ಕೊಟ್ಟವರಿಗೆ ಮಾತ್ರ. ನಿಮ್ಮ ಬೋರ್ಡಿನಿಂದ ಯಾರಿಗೂ ದಂಡ ಹಾಕಲಾಗುವುದಿಲ್ಲ, ಕುಂಡಕ್ಕೆ ಬೈಕು ತಾಗಿದರೆ ಹೊಣೆ ನಿಮ್ಮದು. ಗೇಟಿಗೆ ಅಡ್ಡ ನಿಲ್ಲಿಸಿದ ವಾಹನವಿದ್ದರೆ ಸಂಚಾರ ಠಾಣೆಗೆ ದೂರು ಕೊಡಿ.

"ಹಂಪಿಗೆ ನಾವೇ ಬಣ್ಣ ಬಳಿಯೋಣವೇ?" ಬೇಡ. ಅಂಗಡಿಯ ಎನಾಮಲ್ ಪೇಂಟು ಒದ್ದೆಯಾದರೆ ಜಾರುತ್ತದೆ, ರಾತ್ರಿ ಹೊಳೆಯುವುದೂ ಇಲ್ಲ. ಬಳಿಯುವವರು ರಸ್ತೆಯಲ್ಲಿ ಬಗ್ಗಿ ಕೂರಬೇಕು, ಅದು ಇನ್ನೂ ಅಪಾಯ.

"ನಲವತ್ತು ಮನೆಯವರೂ ಒಂದೇ ದೂರು ಹಾಕಿದರೆ ಬೇಗ ಆಗುತ್ತದೆಯೇ?" ನಕಲು ದೂರುಗಳು ಒಂದಕ್ಕೊಂದು ಸೇರಿಹೋಗಬಹುದು. ಒಂದು ಪೂರ್ಣ ದೂರು ಹಾಕಿ. ಉಳಿದವರು ತಾವು ಕಂಡ ಬೇರೆ ದಿನ, ಬೇರೆ ಘಟನೆಯನ್ನು ಆ ಸಂಖ್ಯೆ ನಮೂದಿಸಿ ಬರೆಯಲಿ. ಸಂಚಾರ ಠಾಣೆಯ ಜನಸಂಪರ್ಕ ಸಭೆಗೆ ಮಾತ್ರ ಎಲ್ಲರೂ ಹೋಗಿ.

"ಬಾಯಿ ತೆರೆದ ಮ್ಯಾನ್‌ಹೋಲ್‌ಗೂ ಆ್ಯಪ್‌ನಲ್ಲೇ ಹಾಕಬೇಕೇ?" ಇಲ್ಲ. ತೆರೆದ ಮ್ಯಾನ್‌ಹೋಲ್, ಬಿದ್ದ ಮರ, ಹರಿದ ತಂತಿ, ದೊಡ್ಡ ಜಂಕ್ಷನ್‌ನಲ್ಲಿ ಸತ್ತ ಸಿಗ್ನಲ್ ಇವಕ್ಕೆ ಮೊದಲು ಫೋನ್: ಸಂಬಂಧಿಸಿದ ಸಹಾಯವಾಣಿ, ಜೀವಕ್ಕೆ ಅಪಾಯವಿದ್ದರೆ 112. ಕರೆ ಮಾಡಿದ ಗಂಟೆ, ಅವರು ಕೊಟ್ಟ ಸಂಖ್ಯೆ ಬರೆದಿಟ್ಟುಕೊಳ್ಳಿ, ಆ್ಯಪ್‌ನ ದೂರು ಆಮೇಲೆ.

"ಕೆಲಸ ಆಯಿತು ಎಂದು ಹೇಗೆ ಗೊತ್ತಾಗುತ್ತದೆ?" ಹಗಲು ಒಮ್ಮೆ, ರಾತ್ರಿ ಒಮ್ಮೆ ಹೋಗಿ ನೋಡಿ. ಬೋರ್ಡಿಗೆ ಟಾರ್ಚ್ ಪರೀಕ್ಷೆ ಮಾಡಿ, ಕಂಬ ಅಲುಗಾಡಿಸಿ ನೋಡಿ; ಬುಡಕ್ಕೆ ಕಾಂಕ್ರೀಟ್ ಹಾಕದೆ ಮಣ್ಣಲ್ಲಿ ಊರಿದ ಕಂಬ ಮೊದಲ ಮಳೆಗೇ ವಾಲುತ್ತದೆ. ಸರಿಯಾಗಿದ್ದರೆ ಅದನ್ನೂ ಫೋಟೋ ಸಹಿತ ದೂರಿನಲ್ಲೇ ಬರೆದು ಆ ಎಂಜಿನಿಯರ್‌ಗೆ ತಿಳಿಸಿ. ಅರ್ಧ ಮಾತ್ರ ಆಗಿದ್ದರೆ, ಉಳಿದರ್ಧಕ್ಕೆ ಹಳೆಯ ಸಂಖ್ಯೆ ನಮೂದಿಸಿ ಹೊಸ ದೂರು ಹಾಕಿ.